ಎರಡು ಕೇಬಲ್ ಹಾಕಿದ್ರೆ ಸ್ಪೀಡ್ ಡಬಲ್ ಆಗುತ್ತಾ?

ನಮ್ಮನೆ ಫೈಲ್ ಸರ್ವರ್‌ನಲ್ಲಿ ಅಪ್ಪ-ಅಮ್ಮನ ಮದುವೆ ಫೋಟೊದಿಂದ ಹಿಡಿದು ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೊವರೆಗೆ ಎಲ್ಲವೂ ಇದೆ. ಇಂಥ ಡಬ್ಬಿಗಳ ಹಿಂದೆ ಎರಡು ಲ್ಯಾನ್ ಪೋರ್ಟ್ ಕಂಡಾಗ ಯಾರಿಗಾದರೂ ಆಸೆ ಹುಟ್ಟುತ್ತೆ: ಎರಡಕ್ಕೂ ಕೇಬಲ್ ಹಾಕಿದರೆ ವೇಗವೂ ಡಬಲ್ ಆಗಬೇಕಲ್ವಾ?

ಒಬ್ಬರೇ ಕಾಪಿ ಮಾಡುವಾಗ ಸಾಮಾನ್ಯವಾಗಿ ಆಗಲ್ಲ. ಒಂದು ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹರಿಯುತ್ತೆ. ಎರಡನ್ನು ಜೋಡಿಸುವ ಎಲ್‌ಎಸಿಪಿ ಅನ್ನೋದು ಟೋಲ್‌ನಲ್ಲಿ ಇನ್ನೊಂದು ಗೇಟ್ ತೆರೆದ ಹಾಗೆ. ಕ್ಯೂ ಬೇಗ ಕರಗುತ್ತೆ, ಆದರೆ ನಿಮ್ಮ ಗಾಡಿ ಹೋಗೋದು ಒಂದೇ ಗೇಟಿನಲ್ಲಿ. ಪ್ಯಾಕೆಟ್‌ಗಳ ಸಾಲು ತಪ್ಪಬಾರದು ಅಂತ ಒಂದು ಸಂಪರ್ಕವನ್ನು ಒಂದೇ ಕೇಬಲ್‌ನಲ್ಲಿ ಕಳಿಸುತ್ತಾರೆ.

ಹಾಗಾದರೆ ಲಾಭ ಏನು? ಮನೆಯಲ್ಲಿ ಹಲವರು ಒಟ್ಟಿಗೆ ಬಳಸುವಾಗ ಹೊರೆ ಹಂಚಿಹೋಗಬಹುದು. ಒಂದು ಕೇಬಲ್ ಕೈಕೊಟ್ಟರೂ ಕೆಲಸ ನಿಲ್ಲಲ್ಲ. ಇದಕ್ಕೆ ನಿಮ್ಮ ಸ್ವಿಚ್‌ನಲ್ಲೂ ಎಲ್‌ಎಸಿಪಿ ಇರಬೇಕು.

ಒಬ್ಬರಿಗೇ ವೇಗ ಬೇಕಾ? ಕಂಪ್ಯೂಟರ್‌ನಲ್ಲೂ ಎರಡು ಪೋರ್ಟ್ ಇದ್ದರೆ ಎಸ್‌ಎಂಬಿ ಮಲ್ಟಿಚಾನೆಲ್ ನೋಡಿ. ಇಲ್ಲವೇ ಸರ್ವರ್, ಸ್ವಿಚ್, ಕಂಪ್ಯೂಟರ್ ಮೂರನ್ನೂ 2.5 ಗಿಗಾಬಿಟ್‌ಗೆ ಏರಿಸಿ. ಹಳೆಯ ಕ್ಯಾಟ್ 5ಇ ಕೇಬಲ್ಲೇ ಸಾಕು. ಲ್ಯಾಪ್‌ಟಾಪ್ ನಿಧಾನದ ವೈಫೈನಲ್ಲಿದ್ದರೆ ಮಾತ್ರ ಈ ಖರ್ಚೆಲ್ಲ ದಂಡ.

ಇನ್ನೊಂದು ಮಾತು. ಕೇಬಲ್ ಎರಡಾದ ಮಾತ್ರಕ್ಕೆ ಫೋಟೊಗಳ ಪ್ರತಿ ಎರಡಾಗಲ್ಲ. ಅದಕ್ಕೇ ನಾನು ಮೊದಲು ದುಡ್ಡು ಹಾಕಿದ್ದು ಇನ್ನೊಂದು ಹಾರ್ಡ್‌ಡಿಸ್ಕ್‌ಗೆ. ಅದೀಗ ಊರಲ್ಲಿ ಅಮ್ಮನ ಬೀರುವಿನಲ್ಲಿ ಭದ್ರವಾಗಿದೆ.