ದೇವಾಲಯ ಚಕ್ರವರ್ತಿ: ಇಟಗಿಯ ಮಹಾದೇವ ಗುಡಿಯ ರಚನಾವಿಧಾನ

ತುಂಗಭದ್ರೆಯ ಉಭಯ ತೀರಗಳ ನಾಡು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಶಿಲ್ಪಿಗಳ ತವರಾಗಿತ್ತೆಂಬುದು ನಿರ್ವಿವಾದ. ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿಯಾಗಿದ್ದ ನಮ್ಮ ಕುರುಗೋಡು, ಮದನಿಕೆಯರ ಚೆಲುವಿಗೆ ಹೆಸರಾದ ಕುರುವತ್ತಿ, ಹರಪನಹಳ್ಳಿಯ ಬಳಿಯ ಬಾಗಳಿ, ಹೀಗೆ ಊರೂರಿನಲ್ಲಿಯೂ ಆ ಯುಗದ ಗುಡಿಗಳು ಉಳಿದಿವೆ. ಬಳ್ಳಾರಿ ಸೀಮೆಯ ಈ ಗುಡಿಗಳನ್ನು ಅಲೆಕ್ಸಾಂಡರ್ ರೀ ಎಂಬ ವಿದ್ವಾಂಸನು 1896ರಲ್ಲಿ ಚಿತ್ರಸಹಿತ ಗ್ರಂಥವೊಂದರಲ್ಲಿ ಪ್ರಕಟಿಸಿ ಲೋಕದ ಗಮನಕ್ಕೆ ತಂದನು. ಈ ಪರಂಪರೆಯೆಲ್ಲವೂ ಪರಿಪಾಕಗೊಂಡು ನಿಂತಿರುವ ಸ್ಥಳವೇ ಕೊಪ್ಪಳ ಜಿಲ್ಲೆಯ ಕುಕನೂರಿನ ಸಮೀಪದ ಇಟಗಿ. ಅಲ್ಲಿಯ ಮಹಾದೇವ ದೇವಾಲಯವನ್ನು ನೋಡಿ ಅದರ ಕೆತ್ತನೆಗೆ ಬೆರಗಾಗದವರಿಲ್ಲ. ಆದರೆ ಕೆತ್ತನೆಯ ಹಿಂದೆ ಅಡಗಿರುವ ಕಟ್ಟಡದ ಯುಕ್ತಿಯನ್ನು ಅರಿತು ನೋಡುವವರು ವಿರಳ. ಅದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ದೇವಾಲಯವನ್ನು ಕಟ್ಟಿಸಿದವನು ಅರಸನಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ದಂಡನಾಯಕನಾಗಿದ್ದ ಮಹಾದೇವನೆಂಬುವನು ಕ್ರಿ.ಶ. 1112ರಲ್ಲಿ ಇದನ್ನು ನಿರ್ಮಿಸಿದನು. ಅಲ್ಲಿಯ ಶಾಸನವು ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ದಂಡನಾಯಕನು ತನ್ನ ತಾಯಿ ಚಂದ್ರಲೇಶ್ವರಿಯ ಹೆಸರಿನಲ್ಲಿಯೂ ಗುಡಿಯೊಂದನ್ನು ಎತ್ತಿಸಿದನು. ಪ್ರಧಾನ ಆಲಯದ ಸುತ್ತ ಲಿಂಗಗಳನ್ನೊಳಗೊಂಡ 13 ಕಿರುಗುಡಿಗಳಿದ್ದವು. ಹೀಗೆ ನೋಡಿದರೆ ಇಟಗಿಯು ಒಂಟಿ ಗುಡಿಯಲ್ಲ, ಪರಿವಾರಸಹಿತವಾದ ದೇವಾಲಯ ಸಮುಚ್ಚಯ. ಹೊಯ್ಸಳ ವಿಷ್ಣುವರ್ಧನನ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದುದು 1117ರಲ್ಲಿ, ಎಂದರೆ ಇದಾದ ಐದು ವರ್ಷಗಳ ತರುವಾಯ.

ದೇವಾಲಯವು ಪೂರ್ವಾಭಿಮುಖವಾಗಿದೆ. ಪಶ್ಚಿಮದಲ್ಲಿ ಗರ್ಭಗೃಹ, ಅದರ ಮುಂದೆ ಅಂತರಾಳ, ಅನಂತರ ಗೋಡೆಗಳಿಂದ ಆವೃತವಾದ ಮಂಟಪ, ಅದರ ಉತ್ತರ ದಕ್ಷಿಣಗಳಲ್ಲಿ ಒಂದೊಂದು ಮುಖಮಂಟಪ, ಕೊನೆಯಲ್ಲಿ ಪೂರ್ವಕ್ಕೆ ವಿಶಾಲವಾದ ತೆರೆದ ಮಂಟಪ, ಇದು ಅಂಗಗಳ ಕ್ರಮ. ಪೂರ್ವದಿಂದ ಪ್ರವೇಶಿಸಿದ ಭಕ್ತನು ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಮಬ್ಬಿಗೆ, ಮಬ್ಬಿನಿಂದ ಗರ್ಭಗೃಹದ ದೀಪದ ಬೆಳಕಿಗೆ ಸಾಗುತ್ತಾನೆ. ದೃಷ್ಟಿಯು ಹೊರಗಿನ ಹರವನ್ನು ಬಿಟ್ಟು ಕ್ರಮೇಣ ಒಂದೇ ಬಿಂದುವಿನಲ್ಲಿ ನೆಲೆಗೊಳ್ಳುವಂತೆ ಸ್ಥಪತಿಯು ಕಟ್ಟಡವನ್ನು ಹೊಂದಿಸಿದ್ದಾನೆ.

ತೆರೆದ ಮಂಟಪದಲ್ಲಿ ಮೂಲತಃ 68 ಕಂಬಗಳಿದ್ದವು. ಇವುಗಳಲ್ಲಿ 26 ದೊಡ್ಡ ಕಂಬಗಳು ನೆಲದಿಂದಲೇ ಎದ್ದು ಮುಖ್ಯ ಛತ್ತನ್ನು ಹೊತ್ತಿವೆ. ಉಳಿದ ಸಣ್ಣ ಕಂಬಗಳು ಸುತ್ತಲಿನ ಕಕ್ಷಾಸನದ ಮೇಲೆ ನಿಂತು ಇಳಿಜಾರಾದ ಸೂರಿಗೆ ಆಧಾರವಾಗಿದ್ದವು. ಇಷ್ಟೊಂದು ಕಂಬಗಳೇಕೆ? ಅಲಂಕಾರಕ್ಕೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ಕಲ್ಲಿನ ಸ್ವಭಾವದಿಂದ ಒದಗಿದ ಅನಿವಾರ್ಯತೆ. ಕಲ್ಲು ಮೇಲಿನಿಂದ ಬೀಳುವ ಒತ್ತಡವನ್ನು ಎಷ್ಟಾದರೂ ಸಹಿಸುತ್ತದೆ. ಬಾಗುವಿಕೆಯನ್ನು ಮಾತ್ರ ಸಹಿಸಲಾರದು. ಎರಡು ಕಂಬಗಳ ಮೇಲಿಟ್ಟ ಕಲ್ಲಿನ ತೊಲೆ ಮಿತಿಮೀರಿ ಉದ್ದವಾದರೆ ತನ್ನ ಭಾರಕ್ಕೆ ತಾನೇ ನಡುವೆ ಬಿರಿಯುತ್ತದೆ. ಆದುದರಿಂದ ಮಂಟಪವು ಹಿಗ್ಗಿದಂತೆಲ್ಲ ಕಂಬಗಳೂ ಹೆಚ್ಚಲೇಬೇಕು. ಕಂಬದ ತಲೆಯ ಮೇಲಿನ ಬೋದಿಗೆಯು ನಾಲ್ಕು ದಿಕ್ಕಿಗೂ ಚಾಚಿಕೊಂಡು ತೊಲೆಯ ನಿರಾಧಾರವಾದ ಉದ್ದವನ್ನು ಕಡಿಮೆ ಮಾಡುತ್ತದೆ. ಅಂಕಣವೊಂದನ್ನು ಮುಚ್ಚುವಾಗ ಮೂಲೆಗಳಿಗೆ ಅಡ್ಡಗಲ್ಲುಗಳನ್ನಿಟ್ಟು, ಮೇಲಿನ ವರಸೆಯನ್ನು ಕೆಳಗಿನದಕ್ಕಿಂತ ಮುಂಚಾಚಿ ತಂದು ತೆರಪನ್ನು ಕಿರಿದಾಗಿಸುವುದು ಈ ಶೈಲಿಯ ಮತ್ತೊಂದು ಉಪಾಯ.

ಇದೇ ಕಾಲದಲ್ಲಿ ದೂರದ ಇಂಗ್ಲೆಂಡಿನ ಶಿಲ್ಪಿಗಳೂ ಇದೇ ಸಮಸ್ಯೆಯನ್ನು ಎದುರಿಸುತ್ತಿದ್ದರು. ಡರಮ್ ನಗರದ ಮಹಾ ಕ್ರೈಸ್ತ ದೇವಾಲಯದ ಅಸ್ತಿಭಾರ ಬಿದ್ದುದು 1093ರಲ್ಲಿ; ಅದರ ಸಭಾಂಗಣದ ಛಾವಣಿ ಮುಗಿದುದು 1133ರಲ್ಲಿ. ಇಟಗಿಯ ಗುಡಿ ಎದ್ದುದು ಈ ನಲವತ್ತು ವರ್ಷಗಳ ನಡುವೆಯೇ. ಅಲ್ಲಿಯವರು ತೊಲೆಯನ್ನು ಬಿಟ್ಟು ಕಮಾನನ್ನು ಆಶ್ರಯಿಸಿದರು. ಪಕ್ಕೆಲುಬುಗಳಂತೆ ಹಾಯುವ ಕಮಾನುಗಳ ನಡುವೆ ಕಲ್ಲು ತುಂಬಿ, ನಡುವೆ ಕಂಬವಿಲ್ಲದ ವಿಶಾಲ ಅಂಗಣವನ್ನು ಮುಚ್ಚಿದರು. ಸಾವಿರಾರು ಜನ ಒಟ್ಟಿಗೆ ನಿಂತು ಪ್ರಾರ್ಥಿಸುವ ಅವರ ಪದ್ಧತಿಗೆ ಅದು ಉಚಿತವಾಗಿತ್ತು. ಆದರೆ ಕಮಾನು ಗೋಡೆಯನ್ನು ಸದಾ ಹೊರಕ್ಕೆ ತಳ್ಳುತ್ತದೆ. ಆ ನೂಕನ್ನು ತಡೆಯಲು ದಪ್ಪನಾದ ಗೋಡೆಗಳೂ ಒತ್ತುಗಂಬಗಳೂ ಬೇಕು. ತೊಲೆಯಾದರೋ ನೇರವಾಗಿ ಕೆಳಕ್ಕೆ ಮಾತ್ರ ಭಾರವನ್ನಿಳಿಸುತ್ತದೆ. ನಮ್ಮ ನಾಡಿನಲ್ಲಿ ಕಮಾನಿನ ವೈಭವವನ್ನು ನೋಡಬೇಕಾದರೆ 1367ರಲ್ಲಿ ನಿರ್ಮಿತವಾದ ಕಲಬುರಗಿ ಕೋಟೆಯ ಜಾಮಿಯಾ ಮಸೀದಿಗೆ ಹೋಗಬೇಕು. ಇವುಗಳಲ್ಲಿ ಒಂದು ಮೇಲು, ಮತ್ತೊಂದು ಕೀಳು ಎನ್ನುವುದು ಸಲ್ಲದು. ಆಯಾ ಆರಾಧನೆಗೆ ತಕ್ಕ ಕಟ್ಟಡವನ್ನು ಆಯಾ ಜನ ಕಂಡುಕೊಂಡರು.

ಇನ್ನು ಶಿಲೆಯ ವಿಚಾರ. ಬಾದಾಮಿಯ ಚಾಲುಕ್ಯರು ಮರಳುಗಲ್ಲಿನಲ್ಲಿ ಕಟ್ಟಿದರು. ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಹಸುರು ಛಾಯೆಯ ಬಳಪದ ಕಲ್ಲನ್ನು ಆಯ್ದುಕೊಂಡರು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಉಳಿಗೆ ಮಣಿಯುವ ಈ ಕಲ್ಲು ಗಾಳಿಬಿಸಿಲಿಗೆ ಒಡ್ಡಿದಂತೆ ಗಡುಸಾಗುತ್ತದೆ. ಈ ಗುಣದಿಂದಲೇ ಕಂಬವನ್ನು ತಿರುಗಣೆಗೆ ಹಚ್ಚಿ ಬಳೆಬಳೆಯಾಗಿ ಕಡೆಯುವುದು ಸಾಧ್ಯವಾಯಿತು. ಛತ್ತಿನ ಬಳ್ಳಿ-ಮಕರಗಳು, ಬಾಗಿಲುವಾಡಗಳ ಕುಸುರಿ, ಹೊರಭಿತ್ತಿಯ ಮೇಲಿನ ಕಿರುಶಿಖರಗಳು, ಇವೆಲ್ಲವೂ ಈ ಕಲ್ಲಿನ ಕೃಪೆ. ಹೊರಗೋಡೆಯು ಒಳಸರಿದು ಹೊರಚಾಚುವುದರಿಂದ ಬಿಸಿಲು ಬಿದ್ದಾಗ ಬೆಳಕು ನೆರಳುಗಳು ಪಟ್ಟಿಪಟ್ಟಿಯಾಗಿ ಏಳುತ್ತವೆ. ಅದೇ ಗೆರೆಗಳು ಮೇಲೇರಿ ಶಿಖರದ ತಲಗಳಲ್ಲಿ ಮುಂದುವರಿಯುತ್ತವೆ. ಶಿಖರದ ತುತ್ತತುದಿಯ ಮೂಲಭಾಗ ಮಾತ್ರ ಇಂದು ಉಳಿದಿಲ್ಲ.

ಈ ಕಾರಣದಿಂದಲೇ ಎಚ್ಚರಿಕೆಯ ಮಾತೊಂದು ಅವಶ್ಯ. ಇಟಗಿಯ ಗುಡಿಯು ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ನಮ್ಮ ಸುತ್ತಲಿನ ಎಷ್ಟೋ ಗುಡಿಗಳಿಗೆ ಆ ಭಾಗ್ಯವಿಲ್ಲ. ಭಾರವು ಛತ್ತಿನಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ, ಕಂಬದಿಂದ ಅಸ್ತಿಭಾರಕ್ಕೆ ಇಳಿಯುವ ಕಟ್ಟಡದಲ್ಲಿ ಅನಾವಶ್ಯಕವಾದ ಕಲ್ಲೆಂಬುದಿಲ್ಲ. ಹೊಲದ ಬದುವಿಗೋ ಮನೆಯ ಮೆಟ್ಟಿಲಿಗೋ ಒಯ್ದ ಒಂದು ಕಂಬದೊಡನೆ ಅದು ಹೊತ್ತಿದ್ದ ಅಂಕಣವೂ ಹೋಗುತ್ತದೆ. ಗೋಡೆಯ ಸಂದಿನಲ್ಲಿ ಬೇರೂರಿದ ಅರಳಿಯ ಸಸಿಯೊಂದು ಕಾಲಕ್ರಮದಲ್ಲಿ ಭಿತ್ತಿಯನ್ನೇ ಸೀಳುತ್ತದೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಸುಣ್ಣಬಣ್ಣ ಬಳಿದರೆ ಸೂಕ್ಷ್ಮ ಕೆತ್ತನೆಯೂ ಶಾಸನದ ಅಕ್ಷರಗಳೂ ಮುಚ್ಚಿಹೋಗುತ್ತವೆ. ದಾನಿಗಳ ಸದುದ್ದೇಶವು ಬಲ್ಲವರ ಸಲಹೆಯೊಡನೆ ಕೂಡಿದಾಗಲೇ ಸಾರ್ಥಕ. ಅಧ್ಯಾಪಕರು ವಿದ್ಯಾರ್ಥಿಗಳನ್ನು ಇಟಗಿಗೂ ಕುರುಗೋಡಿಗೂ ಕರೆದೊಯ್ದು, ವಿಗ್ರಹಗಳ ಹೆಸರನ್ನು ಹೇಳುವುದರ ಜೊತೆಗೆ ಯಾವ ಕಲ್ಲು ಯಾವ ಕಲ್ಲನ್ನು ಹೊತ್ತಿದೆಯೆಂದು ತೋರಿಸಲಿ. ಅದನ್ನು ಅರಿತ ಬಾಲಕನು ಮುಂದೆ ತನ್ನ ಊರ ಹಾಳುಗುಡಿಯ ಒಂದು ಕಲ್ಲನ್ನೂ ಕದಲಿಸಲು ಬಿಡಲಾರನು.