ಸುಟ್ಟ ಮನೆಯ ಹೊರಗೋಡೆ: ಬಣ್ಣಕ್ಕಿಂತ ಮೊದಲು ಪರೀಕ್ಷೆ

2024ರ ಆಗಸ್ಟ್ 8ರ ರಾತ್ರಿ ಕೊಲ್ಹಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹವು ಬೆಂಕಿಗೆ ತುತ್ತಾಯಿತು. ರಾಜರ್ಷಿ ಶಾಹು ಮಹಾರಾಜರು ಕಟ್ಟಿಸಿದ ಈ ರಂಗಮಂದಿರ 1915ರಲ್ಲಿ ಪ್ಯಾಲೇಸ್ ಥಿಯೇಟರ್ ಎಂಬ ಹೆಸರಿನಿಂದ ಆರಂಭವಾಗಿತ್ತು. ಕೇಶವರಾಯರು ತಮ್ಮ ಲಲಿತಕಲಾದರ್ಶ ನಾಟಕ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದ್ದು ಹುಬ್ಬಳ್ಳಿಯಲ್ಲಿ. ಆದುದರಿಂದ ಆ ನಷ್ಟ ಕನ್ನಡಿಗರದೂ ಹೌದು. ಛಾವಣಿ, ರಂಗವೇದಿಕೆಗಳು ಸುಟ್ಟುಹೋದರೂ ಕಲ್ಲಿನ ಹೊರಗೋಡೆಗಳು ನಿಂತಿದ್ದವು.

ಬೆಂಕಿ ಬಿದ್ದ ಮನೆಯ ಮುಂದೆಯೂ "ಗೋಡೆ ನಿಂತಿದೆ, ಬಣ್ಣ ಬಳಿದರಾಯಿತು" ಎನ್ನುವವರುಂಟು. ಆದರೆ ನಿಂತ ಗೋಡೆಯೆಲ್ಲವೂ ಗಟ್ಟಿ ಗೋಡೆಯಲ್ಲ. ಆ ಗೋಡೆಯ ಪಕ್ಕದಲ್ಲೇ ನಮ್ಮ ಮಕ್ಕಳು ಆಡುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಮೊದಲು ವಿದ್ಯುತ್ ಸಂಪರ್ಕ ಕಡಿತಗೊಂಡಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಏನನ್ನೂ ತೊಳೆಯುವ ಮುನ್ನ ನಾಲ್ಕೂ ಕಡೆಯ ಛಾಯಾಚಿತ್ರ ತೆಗೆದು, ತಲಾಠಿಯವರಿಂದ ಪಂಚನಾಮೆ ಮಾಡಿಸಬೇಕು. ಅದು ಮರಾಠಿಯಲ್ಲಿರುತ್ತದೆ, ಓದಿಸಿ, ಅರ್ಥಮಾಡಿಕೊಂಡ ಮೇಲೆಯೇ ಸಹಿ ಹಾಕಬೇಕು. ನಷ್ಟ ಬಿಟ್ಟುಹೋಗಿದ್ದರೆ ಮನವಿಯನ್ನು ಕನ್ನಡದಲ್ಲಿಯೂ ಕೊಡಬಹುದು. ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ.

ಮುಂದಿನದು ಗೋಡೆಯ ಪರೀಕ್ಷೆ. ಗಿಲಾವನ್ನು ಮೆಲ್ಲನೆ ತಟ್ಟಿದಾಗ ಪೊಳ್ಳು ಶಬ್ದ ಬಂದರೆ ಅದು ಗೋಡೆಯಿಂದ ಬಿಟ್ಟುಕೊಂಡಿದೆ ಎಂದರ್ಥ. ಅಷ್ಟು ಭಾಗವನ್ನು ಕೆತ್ತಿ ತೆಗೆಯಬೇಕು. ತೂಕದ ಗುಂಡು ಇಳಿಬಿಟ್ಟು ಗೋಡೆ ವಾಲಿದೆಯೇ ನೋಡಬೇಕು. ಕಾಂಕ್ರೀಟ್ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬಲ ಕಳೆದುಕೊಳ್ಳತೊಡಗುತ್ತದೆ. 600 ಡಿಗ್ರಿಯ ಹೊತ್ತಿಗೆ ಕಬ್ಬಿಣದ ಸರಳಿನ ಬಲವೂ ಅರ್ಧದಷ್ಟಾಗುತ್ತದೆ. ಕಿಟಕಿ, ಬಾಗಿಲುಗಳ ಮೇಲಿನ ತೊಲೆಯಲ್ಲಿ ಬಿರುಕು ಕಂಡರೆ, ಸರಳು ಹೊರಬಂದಿದ್ದರೆ ಗೌಂಡಿಯ ಮಾತಷ್ಟೇ ಸಾಲದು, ಎಂಜಿನಿಯರರನ್ನು ಕರೆಸಬೇಕು.

ಗಡಹಿಂಗ್ಲಜ ಭಾಗದ ಹಳೆಯ ಕಲ್ಲುಮಣ್ಣಿನ ಗೋಡೆಗಳಿಗೆ ಬೆಂಕಿಗಿಂತ ಅನಂತರದ ನೀರೇ ಹೆಚ್ಚು ಅಪಾಯಕಾರಿ. ಛಾವಣಿ ಹೋದ ಗೋಡೆಯ ತಲೆಯ ಮೇಲೆ ಮಳೆ ಬಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತದೆ. ಕೂಡಲೇ ತಾಡಪತ್ರಿ ಹೊದಿಸಬೇಕು. ಇಂತಹ ಗೋಡೆಗೆ ಸಿಮೆಂಟಿಗಿಂತ ಸುಣ್ಣದ ಗಾರೆ ಲೇಸು; ಅದು ಒಳಗಿನ ತೇವ ಹೊರಹೋಗಲು ಬಿಡುತ್ತದೆ. ಇಚಲಕರಂಜಿಯ ಇಟ್ಟಿಗೆ, ಕಾಂಕ್ರೀಟಿನ ಮನೆಗಳಲ್ಲಾದರೋ ತೊಲೆ, ಕಂಬಗಳ ತಪಾಸಣೆಯೇ ಮುಖ್ಯ.

ಮಸಿಯನ್ನು ಮೊದಲು ಒಣ ಕುಂಚದಿಂದ, ಮುಖಕ್ಕೆ ಮಾಸ್ಕ್ ಧರಿಸಿ ತೆಗೆಯಬೇಕು. ಮೊದಲೇ ನೀರು ಹಾಕಿದರೆ ಮಸಿ ಗೋಡೆಯೊಳಗೆ ಇಳಿಯುತ್ತದೆ. ಆಮೇಲೆ ಸೋಪಿನ ನೀರಿನಿಂದ ಒರೆಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಕಲೆ ತಡೆಯುವ ಪ್ರೈಮರ್ ಬಳಿಯಬೇಕು. ಇಲ್ಲದಿದ್ದರೆ ಹೊಸ ಬಣ್ಣದ ಮೇಲೆಯೇ ಹಳದಿ ಕಲೆ ಮೂಡುತ್ತದೆ.

ಬಣ್ಣಕ್ಕೆ ಅವಸರವಿಲ್ಲ. ಸಹಿ ಹಾಕಿದ ಕಾಗದವೂ ತಟ್ಟಿ ನೋಡಿದ ಗೋಡೆಯೂ ಗಟ್ಟಿಯಾಗಿದ್ದರೆ ಮಕ್ಕಳನ್ನು ಧೈರ್ಯವಾಗಿ ಮನೆಗೆ ಮರಳಿ ಕರೆತರಬಹುದು.