ಪಟ್ಟದಕಲ್ಲಿನ ರಾಣಿಯರಿಬ್ಬರು: ತವರು ಮತ್ತು ಬಾಂಧವ್ಯ

ಗೋರೆಗಾಂವ್ ಸೇರಿರುವ ಸಾಷ್ಟಿ ದ್ವೀಪದಲ್ಲಿಯೂ ಅದರ ನೆರೆಯ ಮುಂಬಯಿ ದ್ವೀಪದಲ್ಲಿಯೂ ಆರನೆಯ ಶತಮಾನದ ಕಲಚುರಿ ಅರಸನಾದ ಕೃಷ್ಣರಾಜನ ಬೆಳ್ಳಿಯ ನಾಣ್ಯಗಳು ದೊರೆತಿವೆ. ಹೈಹಯರೆಂದೂ ಪ್ರಸಿದ್ಧರಾದ ಈ ಕಲಚುರಿಗಳಲ್ಲಿ ಬುದ್ಧರಾಜನನ್ನು ಬಾದಾಮಿಯ ಚಾಲುಕ್ಯ ಮಂಗಲೇಶನು ಸೋಲಿಸಿದನು. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಅದೇ ಹೈಹಯ ಕುಲದ ಸೋದರಿಯರಿಬ್ಬರು ಬಾದಾಮಿಯ ಅರಮನೆಗೆ ಸೊಸೆಯರಾಗಿ ಬಂದರು. ಅಕ್ಕ ಲೋಕಮಹಾದೇವಿ, ತಂಗಿ ತ್ರೈಲೋಕ್ಯಮಹಾದೇವಿ. ಇಬ್ಬರೂ ಇಮ್ಮಡಿ ವಿಕ್ರಮಾದಿತ್ಯನ (ಸು. 733–744) ರಾಣಿಯರು.

ಹಗೆಯ ಮನೆತನಗಳನ್ನು ಹೆಣ್ಣು ಕೊಟ್ಟು ತಂದು ಬೆಸೆಯುವುದು ಅಂದಿನ ರಾಜನೀತಿ. ಇದೇ ಕಾಲದಲ್ಲಿ ಬೈಜಾಂಟಿಯಮ್ಮಿನ ಐದನೆಯ ಕಾನ್‌ಸ್ಟಂಟೈನನು ಖಜಾರರ ರಾಜಕುಮಾರಿಯನ್ನು ವರಿಸಿದನು. ದೀಕ್ಷಾಸ್ನಾನದೊಡನೆ ಆಕೆ ‘ಐರೀನ್’ ಆದಳು. ಆಕೆಯ ತವರು ಉಳಿದುದು ಮಗ ನಾಲ್ಕನೆಯ ಲಿಯೋವಿಗೆ ಅಂಟಿದ ‘ಖಜಾರ’ ಎಂಬ ಅಡ್ಡಹೆಸರಿನಲ್ಲಿ. ಹೈಹಯ ಸೋದರಿಯರಾದರೋ ತಮ್ಮ ಹೆಸರನ್ನು ಕಲ್ಲಿನಲ್ಲಿಯೇ ನಿಲ್ಲಿಸಿದರು.

ವಿಕ್ರಮಾದಿತ್ಯನು ಕಂಚಿಯನ್ನು ಮೂರು ಬಾರಿ ಗೆದ್ದುದರ ಸ್ಮಾರಕವಾಗಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಲೋಕೇಶ್ವರ ದೇಗುಲವನ್ನು ಕಟ್ಟಿಸಿದಳು. ಅದರ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದಿತು. ಮಾವನಾದ ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಸವಲತ್ತುಗಳನ್ನು ರಾಣಿಯೇ ಸ್ಥಿರಪಡಿಸಿದಳೆಂದು ಅಲ್ಲಿಯ ಕನ್ನಡ ಶಾಸನವು ತಿಳಿಸುತ್ತದೆ. ದಾನವನ್ನು ಉಳಿಸಿ ನಡೆಸುವ ಅಧಿಕಾರವೂ ಆಕೆಗೆ ಇದ್ದಿತೆಂಬುದು ಇದರಿಂದ ವಿದಿತವಾಗುತ್ತದೆ. ತಂಗಿಯು ಪಕ್ಕದಲ್ಲಿಯೇ ತ್ರೈಲೋಕ್ಯೇಶ್ವರವನ್ನು ಕಟ್ಟಿಸಿದಳು.

ವಿಕ್ರಮಾದಿತ್ಯನ ತರುವಾಯ ಪಟ್ಟವೇರಿದವನು ತ್ರೈಲೋಕ್ಯಮಹಾದೇವಿಯ ಮಗ ಇಮ್ಮಡಿ ಕೀರ್ತಿವರ್ಮ. ಅವನ ಕಾಲದ 754ರ ಸ್ತಂಭಶಾಸನವು ಒಂದೇ ಸಂಸ್ಕೃತ ಪಾಠವನ್ನು ಉತ್ತರದ ಲಿಪಿಯಲ್ಲಿಯೂ ಕನ್ನಡ ಲಿಪಿಯಲ್ಲಿಯೂ ಕೊಡುತ್ತದೆ. ತ್ರೈಲೋಕ್ಯಮಹಾದೇವಿಯು ಲೋಕಮಹಾದೇವಿಯ ಒಡಹುಟ್ಟಿದ ತಂಗಿ, ಇಬ್ಬರೂ ಹೈಹಯ ವಂಶಜೆಯರು ಎಂಬ ಸಂಬಂಧವನ್ನು ಅದು ಸ್ಪಷ್ಟವಾಗಿ ದಾಖಲಿಸುತ್ತದೆ. ಮಗನ ಆಳಿಕೆಯಲ್ಲಿಯೂ ಹಿರಿಯ ರಾಣಿಯ ಹೆಸರನ್ನು ಮರೆಯಿಸಲಿಲ್ಲ. ಶಾಸನವು ಹುಟ್ಟುವ ವೇಳೆಗೆ ರಾಷ್ಟ್ರಕೂಟ ದಂತಿದುರ್ಗನ ಏಳಿಗೆಯಿಂದ ಚಾಲುಕ್ಯ ಸಾಮ್ರಾಜ್ಯವು ಕುಸಿಯುತ್ತಿದ್ದಿತು. ಕೆಲವೇ ವರ್ಷಗಳಲ್ಲಿ ಅದು ಅಳಿಯಿತು.

ಕಾಲಾಂತರದಲ್ಲಿ ಲೋಕೇಶ್ವರವು ವಿರೂಪಾಕ್ಷವಾಯಿತು, ತ್ರೈಲೋಕ್ಯೇಶ್ವರವು ಮಲ್ಲಿಕಾರ್ಜುನವಾಯಿತು. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ತಾಣವೆನಿಸಿತು. ದೇವರ ಹೆಸರು ಬದಲಾದಂತೆ ಜನರ ನಾಲಗೆಯಿಂದ ರಾಣಿಯರ ಹೆಸರೂ ಜಾರಿದೆ. ಶಾಸನವನ್ನು ಓದುವವರು ಇರುವವರೆಗೆ ಮಾತ್ರ ಆ ಅಕ್ಕತಂಗಿಯರು ತಮ್ಮ ತವರಿನ ಹೆಸರಿನೊಡನೆ ಉಳಿಯುವರು.